ನಮ್ಮ ಸೋಮವಾರವನ್ನು ಭಾನುವಾರ ಮಾಡಿದವರಿಗೆ

ಸಮೋವಾದ ವಾಯ್ಲೋಟೋ ಮೀನು ದಕ್ಕೆಯ ಗಣಕ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ನಿಮ್ಮ ಡೇಟಾಬೇಸ್ ನನ್ನ ಗಂಡನನ್ನು ಪಾಪಿಯನ್ನಾಗಿ ಮಾಡಿದೆ. ಎನೋಸಾ ಸೋಮವಾರ ಬೆಳಿಗ್ಗೆ ಏಳಕ್ಕೆ ನಿಮ್ಮ ದಕ್ಕೆಯಲ್ಲಿ ಇಳಿಸಿದ ಮೀನನ್ನು ನಿಮ್ಮ ಯಂತ್ರ ಭಾನುವಾರ ಸಂಜೆ ಆರಕ್ಕೆ ಇಳಿಸಿದ್ದೆಂದು ಅಚ್ಚುಹಾಕಿತು. ನೀವು ಅದನ್ನು ಎಲ್ಲರಿಗೂ ಕಾಣುವಂತೆ ಗೋಡೆಗೆ ಅಂಟಿಸಿದಿರಿ. ಭಾನುವಾರ ಸಂಜೆ ಆರು ಎಂದರೇನೆಂದು ನಿಮಗೆ ನಾನು ಹೇಳಬೇಕೇ? ಶಂಖ ಊದಿ, ಊರಿಗೆ ಊರೇ ಪ್ರಾರ್ಥನೆಗೆ ಕೂತು, ರಸ್ತೆಯಲ್ಲಿ ಒಬ್ಬರೂ ಓಡಾಡದ ಹೊತ್ತು. ಚರ್ಚಿನ ಡೀಕನ್ ಆಗಿದ್ದ ಮನುಷ್ಯ ಆ ಹೊತ್ತಿನಲ್ಲಿ ಟ್ಯೂನಾ ಮಾರುತ್ತಿದ್ದನಂತೆ! ನಿಮ್ಮ ಯಂತ್ರದ ಕಲ್ಪನಾಶಕ್ತಿ ದೊಡ್ಡದು ಸ್ವಾಮಿ.

ಎನೋಸಾ ಎಂಥವರೆಂದು ನಮ್ಮೂರಿನಲ್ಲಿ ಯಾರನ್ನಾದರೂ ಕೇಳಿ. ಭಾನುವಾರ ಪೂರ್ತಿ ಮುಗಿಯುವವರೆಗೆ ಅವರು ದೋಣಿಯ ಹಗ್ಗವನ್ನೂ ಮುಟ್ಟುವವರಲ್ಲ. ಒಮ್ಮೆ ಅಲೆಗೆ ಹಗ್ಗ ಬಿಚ್ಚಿಕೊಂಡು ದೋಣಿ ತೇಲಿಹೋಗುತ್ತಿದ್ದರೂ ದಡದಲ್ಲಿ ನಿಂತು ದೇವರನ್ನು ನೆನೆದರೇ ಹೊರತು ನೀರಿಗಿಳಿಯಲಿಲ್ಲ. ಬೈದುಕೊಂಡು ಈಜಿ ಹೋಗಿ ದೋಣಿ ತಂದವಳು ನಾನು. ಅದಕ್ಕೆ ದಂಡ ಹಾಕಿದ್ದರೆ ತೆಪ್ಪಗೆ ಕೊಡುತ್ತಿದ್ದೆ.

ನಮ್ಮೂರಿನಿಂದ ನಿಮ್ಮ ದಕ್ಕೆಗೆ ಬರುವ ದೋಣಿ ಅವರದೊಂದೇ. ನಮಗೂ ಹೀಗೇ ಆಗಿದೆ ಎನ್ನಲು ಊರಿನಲ್ಲಿ ಇನ್ನೊಬ್ಬರಿಲ್ಲ. ಹಾಗಾಗಿ ನಿಮ್ಮ ಪಟ್ಟಿಯನ್ನು ನೋಡಿ ಬಂದವರು ಹೇಳಿದ್ದೇ ತಡ, ಊರ ಮುಖಂಡರ ಸಭೆ ಸೇರಿತು. ಎನೋಸಾ ಒಂದು ಉಪಾಯ ಹೂಡಿದರು. ಅವರ ತಂಗಿ ಪೆನೀನಾ ಪಕ್ಕದ ದ್ವೀಪದ ಪಾಗೋಪಾಗೋದಲ್ಲಿದ್ದಾಳೆ. ಮೀನು ಇಳಿಸಿದ ಆ ಬೆಳಿಗ್ಗೆ ಅವಳೇ ಫೋನ್ ಮಾಡಿದ್ದಳು. ಅವಳು ಸಾಕ್ಷಿ ಹೇಳಿದರೆ ಮುಗಿಯಿತಲ್ಲ! ಪಾಗೋಪಾಗೋ ತಾರೀಖು ಬದಲಾಗುವ ಗೆರೆಯ ಆಚೆಗಿದೆ, ಅಲ್ಲಿಯ ಗಡಿಯಾರ ನಮ್ಮದೇ ಗಂಟೆ ತೋರಿಸಿದರೂ ದಿನ ಮಾತ್ರ ಒಂದು ಹಿಂದೆ ಎಂಬುದು ಗಾಬರಿಯಲ್ಲಿ ಅವರಿಗೆ ಹೊಳೆಯಲೇ ಇಲ್ಲ. ಸಭೆಯ ನಡುವೆ ಫೋನಿಟ್ಟು ಹಿರಿಯ ಮುಖಂಡ ತೋಫಾವಾ ಕೇಳಿದರು:

"ಏನಮ್ಮಾ ಪೆನೀನಾ, ಅವತ್ತು ನಿಮ್ಮಣ್ಣ ಎಲ್ಲಿದ್ದ?"

"ದಕ್ಕೇಲಿದ್ದ ಯಜಮಾನ್ರೇ. ಮೀನಿನವರ ಕೂಗಾಟ ನನಗೇ ಕೇಳಿಸ್ತಿತ್ತು."

"ಯಾವ ವಾರ?"

"ಭಾನುವಾರ! ನಾನು ಬಿಳಿ ಟೋಪಿ ಹಾಕ್ಕೊಂಡು ಚರ್ಚಿಗೆ ಹೊರಟಿದ್ದೆ. ಬೇಕಾದ್ರೆ ನಮ್ಮ ಪಾದ್ರಿಗಳನ್ನೇ ಕೇಳಿ."

ಎನೋಸಾ ಹಣೆ ಚಚ್ಚಿಕೊಂಡರು. "ಅದು ನಿಮ್ಮ ಭಾನುವಾರ ಕಣೇ! ಇಲ್ಲಿ ಸೋಮವಾರ!"

"ಕೇಳಿದ್ದಕ್ಕೆ ಹೇಳ್ದೆ ಅಣ್ಣಾ. ನಿನಗೋಸ್ಕರ ಸುಳ್ಳು ಹೇಳೋಕಾಗತ್ತಾ?"

ತೋಫಾವಾ ಗಂಟಲು ಸರಿಮಾಡಿಕೊಂಡರು. "ಗೆರೆ ವಿಚಾರ ನಮಗೂ ಗೊತ್ತಪ್ಪ. ನಿನ್ನ ತಂಗಿ ಆ ಕಡೆ ಇದ್ದಾಳೆ, ಒಪ್ಪಿದೆ. ಆದ್ರೆ ಸರ್ಕಾರದ ಯಂತ್ರ ಈ ಕಡೆ ಇದೆಯಲ್ಲ? ಅದೇನು ಪಾಗೋಪಾಗೋಗೆ ನೆಂಟರ ಮನೆಗೆ ಹೋಗಿತ್ತಾ?"

ಸಭೆ ಬಿದ್ದು ಬಿದ್ದು ನಕ್ಕಿತು. ನಕ್ಕ ಮೇಲೆ ದಂಡ ಹಾಕಿತು. ಒಂದು ದೊಡ್ಡ ಹಂದಿ, ಜೊತೆಗೆ ಪೆಟ್ಟಿಗೆಗಟ್ಟಲೆ ಡಬ್ಬಿ ಮೀನು. ಮೀನುಗಾರನಾದವನು ಅಂಗಡಿಯಲ್ಲಿ ನಿಂತು ಡಬ್ಬಿ ಮೀನು ಕೊಳ್ಳುವುದನ್ನು ನೀವು ನೋಡಿದ್ದೀರಾ? ನಾನು ನೋಡಿದೆ. ಹಂದಿ ಹೋದದ್ದಕ್ಕೆ ನನಗೆ ಅಷ್ಟು ದುಃಖವಿಲ್ಲ. ಅವರ ಡೀಕನ್ ಸ್ಥಾನ ಹೋಯಿತು. ಈಗ ಕೊನೆಯ ಬೆಂಚಿನಲ್ಲಿ, ಬಾಗಿಲ ಪಕ್ಕ ಕೂರುತ್ತಾರೆ. ಮನೆಯ ಸಂಜೆ ಪ್ರಾರ್ಥನೆಯನ್ನೂ ಗಟ್ಟಿಯಾಗಿ ಹೇಳುವುದನ್ನು ಬಿಟ್ಟಿದ್ದಾರೆ.

ಶಾಲೆಯಲ್ಲಿ ಭೂಗೋಳ ಕಲಿಸಿ ನಿವೃತ್ತಳಾದವಳು ನಾನು, ಸುಮ್ಮನಿರಲಾಗದೆ ನಿಮ್ಮ ಕಚೇರಿಗೆ ಬಂದೆ. ನೀವು ಸಭೆಯಲ್ಲಿದ್ದಿರಿ. ನಿಮ್ಮ ಸಹಾಯಕರು ತಣ್ಣಗೆ ಹೇಳಿದರು: "ಡೇಟಾಬೇಸ್ ಸರಿಯಾಗೇ ಇದೆ ಅಮ್ಮಾ. ಎಲ್ಲಾನೂ ಜಾಗತಿಕ ಸಮಯದಲ್ಲಿ ಇಡ್ತೀವಿ. ಅದು ನಮಗಿಂತ ಹದಿಮೂರು ಗಂಟೆ ಹಿಂದೆ."

"ಇಡಪ್ಪ, ಚೆನ್ನಾಗಿಡು. ಹೊರಗೆ ತೆಗೆದು ಗೋಡೆಗೆ ಅಂಟಿಸೋವಾಗ ಈ ದೇಶದ ಗಡಿಯಾರಕ್ಕೆ ತಿರುಗಿಸಬೇಕಲ್ವಾ?"

"ಪಟ್ಟಿ ತೆಗೆಯೋಕೆ ಡೇಟಾಬೇಸಿಗೆ ಒಂದು ಪ್ರಶ್ನೆ ಬರೀತೀವಿ, ಕ್ವೆರಿ ಅಂತ. ಅದ್ರಲ್ಲಿ ತಿರುಗಿಸಿಲ್ಲ."

"ಯಾಕೆ ತಿರುಗಿಸಿಲ್ಲ?"

"ಯಾರೂ ಕೇಳಿರ್ಲಿಲ್ಲ."

ಆಹಾ! ಸಮೋವಾದಲ್ಲಿ ಬೆಳಿಗ್ಗೆ ಆಗುತ್ತದೆಂದು ನಾವು ಅರ್ಜಿ ಹಾಕಿಕೊಳ್ಳಬೇಕಿತ್ತು, ಗೊತ್ತಾಗಲಿಲ್ಲ, ಕ್ಷಮಿಸಿ. ಮಧ್ಯಾಹ್ನ ಒಂದರ ಮೊದಲು ನಾವು ಮಾಡುವುದೆಲ್ಲ ನಿಮ್ಮ ಪಟ್ಟಿಯಲ್ಲಿ ನಿನ್ನೆಯ ಕೆಲಸ. ಎಂಥ ಚುರುಕಿನ ಜನ ನಾವು!

ಇಷ್ಟು ಓದಿ, ಹದಿಮೂರು ಗಂಟೆ ಕೂಡಿಸಿದರೆ ಮುಗಿಯಿತು ಎಂದು ಕೈತೊಳೆದುಕೊಳ್ಳಬೇಡಿ. ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಿದ್ದ ವರ್ಷಗಳ ಹಳೆಯ ದಾಖಲೆಗಳನ್ನು ಏನು ಮಾಡುತ್ತೀರಿ? ಇಡೀ ದೇಶ ಗೆರೆ ದಾಟಿದ ವರ್ಷ ಡಿಸೆಂಬರಿನಲ್ಲಿ ಒಂದು ಶುಕ್ರವಾರ ನಮಗೆ ಬರಲೇ ಇಲ್ಲ, ಗುರುವಾರ ಮಲಗಿ ಶನಿವಾರ ಎದ್ದೆವು. ನಿಮ್ಮ ಕೂಡುವ ಲೆಕ್ಕ ಆ ಇಲ್ಲದ ಶುಕ್ರವಾರದಲ್ಲಿ ಯಾರಿಂದ ಮೀನು ಹಿಡಿಸುತ್ತದೋ! ಯಾವ ದಿನಕ್ಕೆ ಯಾವ ಗಡಿಯಾರ ಎಂಬುದು ಡೇಟಾಬೇಸಿಗೆ ತಿಳಿದಿರುತ್ತದಂತೆ. ಕ್ವೆರಿಯಲ್ಲಿ ಊರಿನ ಹೆಸರು ಹೇಳಿ, ಮೊದಲು ಸಮಯವನ್ನು ತಿರುಗಿಸಿ, ಆಮೇಲೆ ಅದರಿಂದ ತಾರೀಖು ತೆಗೆದರೆ ಸಾಕಂತೆ. ಇದನ್ನು ಹೇಳಿದವರೂ ನಿಮ್ಮ ಸಹಾಯಕರೇ. ಗೊತ್ತಿದ್ದೂ ಮಾಡದಿರುವುದಕ್ಕೆ ನಿಮ್ಮಲ್ಲಿ ಬೇರೆ ಸಂಬಳ ಕೊಡುತ್ತೀರೇನು?

ಹಂದಿಯನ್ನು ವಾಪಸ್ ಕೇಳುತ್ತಿಲ್ಲ. ಅದನ್ನು ಊರೇ ತಿಂದಿದೆ, ನಾನೂ ತಿಂದಿದ್ದೇನೆ. ನನ್ನ ಬೇಡಿಕೆ ಎರಡೇ. ಕ್ವೆರಿ ತಿದ್ದಿ. ಆಮೇಲೆ ನೀವೇ ನಮ್ಮೂರಿಗೆ ಬಂದು, ಸಭೆಯ ಚಾಪೆಯ ಮೇಲೆ ಕೂತು, ತಪ್ಪು ಯಂತ್ರದ್ದು ಎಂದು ತೋಫಾವಾ ಅವರ ಮುಂದೆ ನಿಮ್ಮ ಬಾಯಿಂದ ಹೇಳಿ. ಮಕ್ಕಳ ಹಬ್ಬವಾದ ಬಿಳಿ ಭಾನುವಾರಕ್ಕೆ ಮೊದಲೇ ಬನ್ನಿ. ನಮ್ಮ ಚರ್ಚಿನಲ್ಲಿ ಅಂದು ಮಕ್ಕಳ ಸಾಲಿನ ಮುಂದೆ ನಡೆಯುವವರು ಡೀಕನ್. ಇಷ್ಟು ವರ್ಷ ಎನೋಸಾ ನಡೆದಿದ್ದಾರೆ.

ಅಲ್ಲಿಯವರೆಗೆ ಅವರು ಏನು ಮಾಡುತ್ತಿದ್ದಾರೆ ಗೊತ್ತೇ? ಸೋಮವಾರ ಬೆಳಿಗ್ಗೆ ಮೀನು ತುಂಬಿಕೊಂಡು ಬಂದು, ದಕ್ಕೆ ಕಣ್ಣೆದುರೇ ಇದ್ದರೂ, ನಿಮ್ಮ ಯಂತ್ರದ ಭಾನುವಾರ ಮುಗಿಯಲೆಂದು ಮಧ್ಯಾಹ್ನ ಒಂದರವರೆಗೆ ಬಿಸಿಲಲ್ಲಿ ದೋಣಿಯಲ್ಲೇ ಕೂತಿರುತ್ತಾರೆ. ಮೀನು ಮೆತ್ತಗಾಗುತ್ತದೆ, ಕೊಳ್ಳುವವರು ಹೊರಟುಹೋಗಿರುತ್ತಾರೆ. ದೇವರು ಅವರಿಂದ ಕೇಳಿದ್ದು ವಾರಕ್ಕೆ ಒಂದೇ ಭಾನುವಾರ. ಇನ್ನೊಂದನ್ನು ಕೇಳುತ್ತಿರುವವರು ನೀವು.

ಇಂತಿ,
ಸೋಮವಾರ ಬೆಳಿಗ್ಗೆ ಈ ಪತ್ರ ಬರೆದು, ನಿಮ್ಮ ಲೆಕ್ಕದಲ್ಲಿ ಭಾನುವಾರ ದುಡಿದ ಇನ್ನೊಬ್ಬ ಪಾಪಿ,
ಎನೋಸಾ ಅವರ ಹೆಂಡತಿ ಫೋಲೋಲೆ