ಇಪ್ಪತ್ತು ಪದಗಳ ಆಚೆ

ಜೂನ್ 3, ಮಂಗಳವಾರ

ಲ್ಯಾಬಿನಲ್ಲಿ ಬೆಳಗ್ಗೆಯಿಂದ ಖಾಲಿ ಹೊಟ್ಟೆಯವರದೇ ಕ್ಯೂ. ರಕ್ತದ ಟ್ಯೂಬುಗಳಿಗೆ ಲೇಬಲ್ ಅಂಟಿಸಿ ಅಂಟಿಸಿ ಬೆರಳೆಲ್ಲ ಜಿಗುಟು. ಊಟದ ಹೊತ್ತಿನಲ್ಲಿ ನಮ್ಮ ಪುಟ್ಟ ಸಾಹಿತ್ಯ ಪತ್ರಿಕೆಯ ಕೆಲಸ ತೆಗೆದೆ. ಕೊನೆಪುಟ — 'ಈ ಸಂಚಿಕೆಯ ಲೇಖಕರು'. ಕವಿಗಳು ಏಳು, ಕಥೆಗಾರರು ಐದು, ಅವರವರೇ ಬರೆದು ಕಳಿಸಿದ ಪರಿಚಯದ ಚೀಟಿ ಒಟ್ಟು ಹನ್ನೆರಡು. ಹನ್ನೊಂದು ವರ್ಷದಿಂದ ಈ ಒಂದು ಪುಟ ನನ್ನದು. ಮಿಕ್ಕದ್ದೆಲ್ಲ ಮೇಷ್ಟ್ರದ್ದು. ಸಂಪಾದಕರೂ ಅವರೇ, ಪ್ರಕಾಶಕರೂ ಅವರೇ, ಗೋಂದು ಕಲಸುವವರೂ ಅವರೇ.

ನಿಯಮ ಒಂದೇ. ತಲೆಗೆ ಇಪ್ಪತ್ತು ಪದ. "ಲೆಕ್ಕದಲ್ಲಿ ದಾಕ್ಷಿಣ್ಯ ಇಲ್ಲಮ್ಮಾ" ಅಂತಾರೆ ಮೇಷ್ಟ್ರು, ಮೂವತ್ತು ವರ್ಷ ಗಣಿತ ಪಾಠ ಮಾಡಿದವರು. ಪೆನ್ಸಿಲ್ ಮೊನೆಯಿಂದ ಎಣಿಸುತ್ತಾ ಹೋಗ್ತೀನಿ. ಇಪ್ಪತ್ತಾಯಿತೋ, ಗೆರೆ. ಆಚೆ ಏನಿದೆ ಅಂತ ಓದುವುದನ್ನು ಬಿಟ್ಟು ವರ್ಷಗಳಾದವು. ಇರುವುದಾದರೂ ಏನು — ಸನ್ಮಾನ, ಪುರಸ್ಕಾರ, 'ಓದುಗರ ಅಭಿಪ್ರಾಯಕ್ಕೆ ಸ್ವಾಗತ'...

ಗಜಲ್ ಬರೆಯುವ ಹಲ್ಲಿನ ಡಾಕ್ಟರು ತಮ್ಮ ಬಗ್ಗೆ ನೂರಾ ಹದಿನಾಲ್ಕು ಪದ ಕಳಿಸಿದ್ದಾರೆ. ಗಜಲ್ ಇರುವುದೇ ಅರವತ್ತು. ಮೂಗಿಗಿಂತ ಮೂಗುತಿ ಭಾರ.

ವರ್ಕ್‌ಶಾಪಿನಲ್ಲಿ ಲೇತ್ ಮೆಷಿನ್ ನಡೆಸುವ ನಮ್ಮ ಲೇತ್ ಕವಿಯದು ಇಪ್ಪತ್ತೇಳು. ಈ ಪುಣ್ಯಾತ್ಮ ಯಾವತ್ತೂ ಆರೇಳು ಪದದ ಮೇಲೆ ಬರೆದವನಲ್ಲ. ಇವನಿಗೂ ದೊಡ್ಡಸ್ತಿಕೆ ಬಂತಾ ಅಂದುಕೊಂಡೆ. ಏಳು ಕತ್ತರಿಸಿದೆ. ಸಲೀಸಾಗಿ ಹೋಯಿತು.

ಸಂಜೆ ಚೀಟಿಗಳನ್ನು ಡಿಟಿಪಿಗೆ ಕೊಟ್ಟು ಮನೆಗೆ. ಅಮ್ಮನ ಮಂಡಿ ನೋವು ಹಾಗೇ ಇದೆ.

ಜೂನ್ 10, ಮಂಗಳವಾರ

ರಜೆ ಹಾಕಿ ಮೇಷ್ಟ್ರ ಮನೆಯಲ್ಲಿ ಪ್ಯಾಕಿಂಗ್. ಚಂದಾದಾರರ ವಿಳಾಸ ಪ್ರಿಂಟಾಗಿ ಬರುತ್ತೆ. ಲೇಖಕರ ಹನ್ನೆರಡು ಪ್ರತಿಗಳಿಗೆ ಮಾತ್ರ ಕೈಬರಹ. ಅದಕ್ಕೆ ಹೊಸ ಕಾಗದ ಮುಟ್ಟುವ ಹಾಗಿಲ್ಲ. ಡಿಟಿಪಿಯಿಂದ ವಾಪಸ್ ಬಂದ ಅವರವರ ಪರಿಚಯದ ಚೀಟಿಯನ್ನೇ ಮಗುಚಿ, ಹಿಂಬದಿಯಲ್ಲಿ ವಿಳಾಸ ಬರೆದು, ಅವರವರ ಕವರಿಗೆ ಅಂಟಿಸಬೇಕು. "ಅವರ ಬಡಾಯಿ ಅವರಿಗೇ ವಾಪಸ್ಸು" ಅಂತ ಮೇಷ್ಟ್ರು ಪ್ರತಿ ಸಲ ನಗ್ತಾರೆ. ನಾನೂ ಪ್ರತಿ ಸಲ ನಗ್ತೀನಿ.

ಲೇತ್ ಕವಿಯ ವಿಳಾಸ ಬರೆಯುವಾಗ ಗಮನಿಸಿದೆ — ನನ್ನ ಬಸ್ಸಿನ ದಾರಿಯಲ್ಲೇ, ಮೂರು ಸ್ಟಾಪ್ ಮೊದಲು. ಇಳಿದು ಕೈಯಲ್ಲೇ ಕೊಡಬಹುದು. ಕಾಲು ನೋಯ್ತಿತ್ತು. ಎಲ್ಲದರ ಜೊತೆ ಅಂಚೆಗೆ ಹಾಕಿಬಿಟ್ಟೆ.

ಜೂನ್ 21, ಶನಿವಾರ

ಮೇಷ್ಟ್ರ ಫೋನು. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡ್ತಿದ್ದರು. ಸಂಚಿಕೆ ಚೆನ್ನಾಗಿ ಬಂದಿದೆ, ಬಿಸಿಲು ಜಾಸ್ತಿ... ಆಮೇಲೆ, "ನಮ್ಮ ಲೇತ್ ಹುಡುಗ ಹೋಗಿಬಿಟ್ಟನಂತಮ್ಮಾ."

ಹದಿನಾಲ್ಕನೇ ತಾರೀಕು. ವರ್ಕ್‌ಶಾಪಿನ ಮೇಲಿನ ನೀರಿನ ಟ್ಯಾಂಕಿನಿಂದ ಬಿದ್ದ. ಒಂದು ವಾರವಾಗಿದೆ, ನಮಗೆ ತಿಳಿದದ್ದು ಇವತ್ತು.

ಹುಡುಗ ಅಂತಾರೆ ಮೇಷ್ಟ್ರು. ನಲವತ್ತು ದಾಟಿತ್ತು. ನೋಡಿದ್ದು ಒಂದೇ ಸಲ, ಪತ್ರಿಕೆಯ ಕವಿತೆ ಓದಿನ ದಿನ. ಉಗುರಿನಲ್ಲಿ ಎಣ್ಣೆ ಮಸಿ ಅಂತ ಕೈ ಹಿಂದೆ ಕಟ್ಟಿಕೊಂಡೇ ನಿಂತಿದ್ದ. "ಮೇಡಂ, ನಾನು ಕೊನೆಪುಟಾನೇ ಮೊದಲು ಓದೋದು. ಯಾರ್‍ಯಾರು ಎಲ್ಲೆಲ್ಲಿ ಏನ್ ಮಾಡ್ಕೊಂಡಿದಾರೆ ಅಂತ. ಎಲ್ರೂ ಜೊತೇಲಿದ್ದಂಗೆ ಆಗುತ್ತೆ." ನನ್ನ ಪುಟವನ್ನು ಹೊಗಳಿದ ಒಬ್ಬನೇ ಒಬ್ಬ. ಕಾಫಿ ಕುಡಿದು ಹೋಗಿ ಅಂದಿದ್ದೆನಾ? ನೆನಪಿಲ್ಲ.

ಜೂನ್ 24, ಮಂಗಳವಾರ

ಕೌಂಟರಿಗೆ ಒಬ್ಬ ಹೆಂಗಸು ಬಂದರು. ಐವತ್ತರ ಆಸುಪಾಸು. ಅಭ್ಯಾಸಬಲ — "ಹೊಟ್ಟೆ ಖಾಲಿ ಇದೆಯಾ?" ಅಂದೆ. ಅವರು ಬ್ಯಾಗಿನಿಂದ ನಮ್ಮ ಪತ್ರಿಕೆ ತೆಗೆದು ಇಟ್ಟರು.

ಲೇತ್ ಕವಿಯ ಅಕ್ಕ. ರೂಮು ಖಾಲಿ ಮಾಡಲು ಬಂದಿದ್ದಾರೆ. ಮೇಷ್ಟ್ರು ನನ್ನ ಹತ್ತಿರ ಕಳಿಸಿದ್ದಾರೆ.

"ವಾರಕ್ಕೊಂದು ಸಲ ಫೋನ್ ಮಾಡೋನು. ಚೆನ್ನಾಗಿದೀನಿ ಅಂತಾನೇ ಅನ್ನೋನು. ಹೋದ ತಿಂಗಳು, ಅಕ್ಕಾ, ಈ ಸಲ ಕೊನೆಪುಟದಲ್ಲಿ ನನ್ನ ವಿಷಯ ನಿಜ ಬರೆದಿದೀನಿ, ಬಂದಾಗ ಓದು ಅಂದ. ಓದ್ದೆ. ಲೇತ್ ಕೆಲಸ ಅಂತಿದೆ. ಹಳೇ ಗಡಿಯಾರ ರಿಪೇರಿ ಇಷ್ಟ ಅಂತಿದೆ. ಇದು ನಂಗೊತ್ತಿಲ್ವಾ? ನಿಜ ಎಲ್ಲಿ?"

ಟ್ಯೂಬುಗಳ ಸ್ಟ್ಯಾಂಡನ್ನು ಪಕ್ಕಕ್ಕೆ ಸರಿಸಿದೆ.

"ಟ್ಯಾಂಕ್ ಸೋರ್ತಿತ್ತು, ನೋಡಕ್ಕೆ ಹತ್ತಿ ಜಾರಿಬಿದ್ದ ಅಂತಾರೆ ಮಾಲೀಕರು. ಪಕ್ಕದ ರೂಮಿನೋರು ಬೇರೇನೇ ಅಂತಾರೆ. ಜಾರಿದ್ನೋ, ತಾನಾಗೇ ಬಿದ್ನೋ... ನಾನ್ ಯಾರನ್ನ ನಂಬ್ಲಿ? ಅವನ ಮಾತು ಒಂದು ಸಿಕ್ಕಿದ್ರೆ ಸಾಕಿತ್ತು."

"ಜಾಗ ಸಾಲಲಿಲ್ಲ ಅಕ್ಕಾ" ಅಂದೆ.

ಅವರು ಪುಟ ಬಿಡಿಸಿ ನೋಡಿದರು. ಡಾಕ್ಟರ ಪರಿಚಯದ ಕೆಳಗೆ ನಾಲ್ಕು ಬೆರಳಷ್ಟು ಬಿಳಿ ಇತ್ತು. ಅದರ ಮೇಲೆ ಕೈಯಾಡಿಸಿ, "ಇಲ್ಲಿ ಖಾಲಿ ಇದೆಯಲ್ಲಮ್ಮಾ" ಅಂದರು. ಜಗಳದ ದನಿಯಲ್ಲ. ಸುಮ್ಮನೆ ಕೇಳಿದ್ದು. ಹಿಂದೆ ಕ್ಯೂ ಬೆಳೀತಿತ್ತು. ನಂಬರ್ ಬರೆದುಕೊಂಡು ಕಳಿಸಿದೆ.

ಮನೆಗೆ ಬಂದು ಈ ಡೈರಿ ತಿರುಗಿಸಿದೆ, ಏನಾದರೂ ಗುರುತು ಹಾಕಿಕೊಂಡಿದ್ದೀನಾ ಅಂತ. ಜೂನ್ 3. 'ಏಳು ಕತ್ತರಿಸಿದೆ. ಸಲೀಸಾಗಿ ಹೋಯಿತು.' ಅಷ್ಟೇ. ನನ್ನ ಮೇಲೆ ನನಗೇ ಅಸಹ್ಯ ಆಗ್ತಿದೆ.

ಜೂನ್ 25, ಬುಧವಾರ

ಮೇಷ್ಟ್ರ ಹತ್ತಿರ ಹೋಗಿದ್ದೆ. ಓದದೇ ಕತ್ತರಿಸಿದ್ದನ್ನು ಹೇಳಿದೆ. ಕನ್ನಡಕ ಒರೆಸಿದರು. "ನೀನೇ ಏಳು ಪದ ಬರೆದು ಕೊಟ್ಟುಬಿಡು. ಸಂತೋಷವಾಗಿದ್ದೇನೆ, ಹೊಸ ಕವಿತೆ ಬರೀತಿದ್ದೇನೆ... ಅಂಥದ್ದು. ಜಾರಿ ಬಿದ್ದ ಅಂತಾಗುತ್ತೆ. ಆಯಮ್ಮ ನೆಮ್ಮದಿಯಾಗಿ ಊರಿಗೆ ಹೋಗ್ತಾರೆ."

"ಸುಳ್ಳಲ್ವಾ ಮೇಷ್ಟ್ರೇ?"

"ಕಥೆ ಛಾಪಿಸೋರು ನಾವು. ನಮಗೆ ಸುಳ್ಳಿನ ಮಡಿ ಯಾಕಮ್ಮಾ?" ಅಂದರು. ನಗಲಿಲ್ಲ ಈ ಸಲ.

ಬಸ್ಸಿನಲ್ಲಿ ಕೂತು ಬರೆದೆ. ನಾಚಿಕೆಗೇಡು — ಬರೆದೆ. ಒಂದಲ್ಲ, ನಾಲ್ಕು ಥರ. ಪ್ರತಿಯೊಂದೂ ಸರಿಯಾಗಿ ಏಳೇ ಪದ. ನಾಲ್ಕೂ ಚೆನ್ನಾಗಿದ್ದವು. ಅವನ ಸ್ಟಾಪಿನಲ್ಲಿ ಬಸ್ಸು ನಿಂತಾಗ ಹರಿದು ಹಾಕಿದೆ.

ಆಗ ನೆನಪಾಯಿತು. ಚೀಟಿ! ಅವನ ಕವರಿನ ಮೇಲೇ ಇದೆಯಲ್ಲ, ಮಗುಚಿ ಅಂಟಿಸಿದ್ದು. ಅಕ್ಕನಿಗೆ ಫೋನ್ ಮಾಡಿದೆ. ಕವರು ಇದೆಯಾ?

"ಇದೆ ಇದೆ. ಅವನು ಹಗ್ಗದ ಚೂರೂ ಎಸೆಯೋನಲ್ಲ."

ಜೂನ್ 28, ಶನಿವಾರ, ಸಂಜೆ 5

ಮಧ್ಯಾಹ್ನ ಕವರು ತಂದುಕೊಟ್ಟರು. "ನಾನು ಬಿಡಿಸಕ್ಕೆ ಹೋದ್ರೆ ಹರಿದುಬಿಡ್ತೀನಿ. ನೀವೇ ಬಿಡಿಸಿ. ಭಾನುವಾರ ಹತ್ತಕ್ಕೆ ನಿಮ್ಮನೆಗೆ ಬರ್ತೀನಿ, ಹನ್ನೆರಡಕ್ಕೆ ನನ್ನ ಬಸ್ಸು." ಕವರಿನ ಅಂಚನ್ನು ಬ್ಲೇಡಿನಲ್ಲಿ ನೀಟಾಗಿ ಕೊಯ್ದಿದ್ದಾನೆ. ಮೇಲೆ ಅವನ ಕಡೆಯ ಅಂಚೆ ಕಚೇರಿಯ ಮುದ್ರೆ, ಹನ್ನೆರಡನೇ ತಾರೀಕು. ಅಂದರೆ ತೆರೆದಿದ್ದಾನೆ. ಕೊನೆಪುಟ ಮೊದಲು ಓದಿದ್ದಾನೆ. ಅದಾಗಿ ಎರಡು ದಿನಕ್ಕೆ ಹದಿನಾಲ್ಕನೇ ತಾರೀಕು.

ಸ್ಟೀಲ್ ತಟ್ಟೆಯಲ್ಲಿ ನೀರು ಹಾಕಿ ನೆನೆಸಿದೆ. ಮೇಷ್ಟ್ರ ಗೋಂದು ಗಟ್ಟಿ, ಒಂದು ಗಂಟೆ ಹಿಡಿಯಿತು. ಒಂದು ಮೂಲೆ ಎದ್ದಿತು. ಬೆರಳಿನಿಂದ ಮೆಲ್ಲಗೆ, ಗಾಯದ ಪಟ್ಟಿ ಬಿಚ್ಚುವ ಹಾಗೆ. ಬಾಲ್‌ಪೆನ್ನು, ಅಕ್ಷರ ಕದಡಿಲ್ಲ. ನನ್ನ ಪೆನ್ಸಿಲ್ ಗೆರೆಯೂ ಇದೆ, ಒಂದೇ ಎಳೆತ, ಸ್ಕೇಲ್ ಇಟ್ಟ ಹಾಗೆ.

ಲೇತ್ ಕೆಲಸ. ಗಡಿಯಾರ. ಇಪ್ಪತ್ತು. ಗೆರೆಯ ಕೆಳಗೆ —

'ಒಬ್ಬನೇ ಇದ್ದೇನೆ. ಇದನ್ನು ಓದಿದವರು ಯಾರಾದರೂ ಒಮ್ಮೆ ಬನ್ನಿ.'

ತಿರುಗಿಸಿದರೆ ನನ್ನ ಕೈಬರಹದಲ್ಲಿ ಅವನ ವಿಳಾಸ. ಮನೆ ನಂಬರು, ಅಡ್ಡರಸ್ತೆ, ಎಲ್ಲ ಗುಂಡಗೆ, ತಪ್ಪಿಲ್ಲದೆ.

"ಏನಂತೆ?" ಅಂದಳು ಅಮ್ಮ, ಮಂಚದಿಂದಲೇ.

"ಅಕ್ಷರ ಅಳಿಸಿಹೋಗಿದೆ."

"ಅಳಿಸಿಹೋಗಿದ್ರೆ ಯಾಕೆ ಅಳ್ತಿದೀಯ?"

ಜೂನ್ 29, ಭಾನುವಾರ, ಬೆಳಗ್ಗೆ 9:40

ಚೀಟಿ ಒಣಗಿದೆ. ಸ್ವಲ್ಪ ಮುದುರಿದೆ.

ಅಳಿಸಿಹೋಗಿದೆ ಅಂದರೆ ಆಯಮ್ಮ ನಂಬ್ತಾರೆ. ತಮ್ಮ ಜಾರಿ ಬಿದ್ದ ಅಂದುಕೊಂಡು ಬಸ್ಸು ಹತ್ತುತ್ತಾರೆ. ಮೇಷ್ಟ್ರು ಹೇಳಿದ್ದರಲ್ಲಿ ತಪ್ಪೇನಿದೆ... ಆದರೆ ನೆಮ್ಮದಿ ಬೇಕಾಗಿರೋದು ಯಾರಿಗೆ? ಅವರು ಕೇಳಿದ್ದು ನೆಮ್ಮದಿಯನ್ನಲ್ಲ, ಅವನ ಮಾತನ್ನು. ಅವನು ಕರೆದದ್ದು ಓದುಗರನ್ನ. ಮುನ್ನೂರು ಜನರಿಗೆ ತಲುಪಬೇಕಿತ್ತು. ಒಬ್ಬರಾದರೂ ಹೋಗ್ತಿದ್ದರು. ಒಬ್ಬರೂ ಹೋಗದೆ ಇರ್ತಿದ್ದರೋ ಏನೋ. ಗೊತ್ತಾಗೋದಿಲ್ಲ ಇನ್ನು. ನನ್ನ ಕೈಗೆ ಬಂದಿತ್ತು, ಓದದೇ ಹೋದೆ, ಅಷ್ಟು ಗೊತ್ತು. ಹೆದರಿಕೆ ಆಗ್ತಿದೆ. ಆಯಮ್ಮ ಬೈದರೆ ತಡ್ಕೋತೀನಿ. ಮೊನ್ನೆಯ ಹಾಗೆ ಸುಮ್ಮನೆ ಕೇಳಿದರೆ ಏನು ಮಾಡಲಿ?

ಗೇಟಿನ ಸದ್ದು. ಹೊತ್ತಿಗೆ ಮೊದಲೇ ಬಂದರು.

ಹೇಳ್ತೀನಿ. ಚೀಟಿ ಕೈಗೆ ಕೊಟ್ಟು ಹೇಳ್ತೀನಿ. ಅಕ್ಕಾ, ನಿಮ್ಮ ತಮ್ಮ ಕರೆದಿದ್ದರು, ಆ ಕರೆ ಬಂದದ್ದು ನನ್ನ ಕೈಗೇ, ನಾನು ಎಣಿಸಿ —