ನಕ್ಷತ್ರಮೀನಿನ ಸಣ್ಣ ಕೈ

ಅವ್ವಾ,

ನೀನು ಮಣ್ಣಾಗಿ ವರ್ಷವಾಯಿತು. ಬೇರೆ ಯಾರಿಗೂ ಹೇಳಲಾರದೆ ನಿನಗೇ ಬರೆಯುತ್ತಿದ್ದೇನೆ.

ನನಗೀಗ ಐದು ತಿಂಗಳು. ಇಂದು ಗಜೇಂದ್ರಗಡಕ್ಕೆ ಸ್ಕ್ಯಾನಿಂಗಿಗೆ ಹೋಗಿದ್ದೆವು. ಡಾಕ್ಟರಮ್ಮ ಹೊಟ್ಟೆಯ ಮೇಲೆ ಒಂದೇ ಕಡೆ ಮತ್ತೆ ಮತ್ತೆ ಯಂತ್ರ ಆಡಿಸಿದರು.

“ಕೂಸಿನ ಬಲಗೈ ಕಾಣಸವಲ್ದು. ಮೈ ಕೆಳಗ ಸಿಕ್ಕಿರಬಹುದು. ಮುಂದಿನ ವಾರ ನೋಡೇ ಹೇಳಬೇಕ್ರಿ.”

ಕೈ ಇಲ್ಲದಿದ್ದರೆ ಇನ್ನು ಬೆಳೆದೀತೇ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ.

ನಿನ್ನ ಅಳಿಯ ಮಲ್ಪೆಯ ಬೋಟಿನ ಕೆಲಸದಿಂದ ಮಳೆಗಾಲಕ್ಕೆ ಊರಿಗೆ ಬಂದಿದ್ದಾರೆ. ಬಲೆಗೆ ಸಿಕ್ಕ ಒಂದು ನಕ್ಷತ್ರಮೀನನ್ನು ಒಣಗಿಸಿ ತಂದಿದ್ದಾರೆ. ಅದಕ್ಕೆ ನಾಲ್ಕು ದೊಡ್ಡ ಕೈ, ಬೆರಳ ತುದಿಯಷ್ಟು ಸಣ್ಣದೊಂದು ಕೈ. ಮರಳಿ ಬರುವಾಗ ಬಸ್ಸಿನಲ್ಲಿ ಅದನ್ನು ನನ್ನ ಅಂಗೈಯಲ್ಲಿಟ್ಟರು.

“ಹರದ ಕೈ ಹೊಳ್ಳಿ ಚಿಗಿಯಾಕತ್ತಿತ್ತು ನೋಡು. ನಮ್ಮ ಕೂಸಿಂದೂ ಚಿಗಿತೈತಿ.”

“ನಮ್ಮ ಕೂಸು ಮೀನೇನ್ರಿ?”

“ಇದೂ ಮೀನಲ್ಲ. ಮಂದಿ ಹಂಗ ಅಂತಾರ ಅಷ್ಟ,” ಎಂದು ನಗಲು ಹೋದರು. ನಗು ಬರಲಿಲ್ಲ.

ಈಗ ಅದು ಗೋಡೆಯ ಗೂಡಿನಲ್ಲಿದೆ. ಮುರಿದೀತೆಂಬ ಭಯಕ್ಕೆ ಆ ಸಣ್ಣ ಕೈಯನ್ನು ನಾನು ಮುಟ್ಟಿಲ್ಲ.

ಅವ್ವಾ, ಮೇವು ಕತ್ತರಿಸುವ ಯಂತ್ರಕ್ಕೆ ನಿನ್ನ ಬಲಗೈ ಹೋದಾಗ ನಾನಿನ್ನೂ ತೊಟ್ಟಿಲಲ್ಲಿದ್ದೆನಂತೆ. ಆದರೂ ಸಾಲೆಗೆ ಹೋಗುವಾಗ ದಿನಾ ನನಗೆ ಜಡೆ ಹಾಕಿದವಳು ನೀನೇ. ನೀನು ಕೂದಲಿನ ಒಂದು ಎಳೆಯನ್ನು ಹಲ್ಲಿನಲ್ಲಿ ಹಿಡಿಯುತ್ತಿದ್ದೆ ಎಂಬುದಷ್ಟೇ ಗೊತ್ತು. ನಿನ್ನ ಉಸಿರು ನನ್ನ ಕುತ್ತಿಗೆಗೆ ತಾಗುತ್ತಿತ್ತು.

ಉಳಿದದ್ದನ್ನು ಒಂದೇ ಕೈಯಲ್ಲಿ ಹೇಗೆ ಮಾಡುತ್ತಿದ್ದೆ? ಕೂಸಿಗೆ ನಾನು ಕಲಿಸಬೇಕಾಗಬಹುದು. ನೀನು ಜಡೆ ಹಾಕುವಾಗ ನಾನು ಒಮ್ಮೆಯೂ ತಿರುಗಿ ನೋಡಲಿಲ್ಲ, ಅವ್ವಾ.