ಬೇಕರಿಯವನ ದವಡೆ ಮುರಿದವನ ದೂರು

ಪೊಲೀಸ್ ಅಂತರ್ಜಾಲ ವಂಚನೆ ವಿಭಾಗದ ಮುಖ್ಯಸ್ಥರೇ,

ಮಾರ್ಚ್ ಹನ್ನೊಂದರ ಬೆಳಗ್ಗೆ ನಾನೊಬ್ಬ ನಿರಪರಾಧಿಯ ದವಡೆ ಮುರಿದೆ. ನ್ಯಾಯಾಲಯ ಕೊಡುವ ಶಿಕ್ಷೆಯನ್ನು ತಲೆಬಾಗಿ ಅನುಭವಿಸುತ್ತೇನೆ. ಆದರೆ ಆ ಮನುಷ್ಯ ನನ್ನ ಏಟು ತಿನ್ನುವ ಎರಡು ತಿಂಗಳು ಮೊದಲೇ ತಮ್ಮ ಕಚೇರಿಗೆ ಬಂದು ಅಂಗಲಾಚಿದ್ದ. ತಾವು ಅವನನ್ನು ವಾಪಸ್ ಅಟ್ಟಿದಿರಿ. ನನ್ನ ದೂರು ಅದರ ಬಗ್ಗೆ.

ನಾನು ಹಾರ್ಲಿಂಗನ್ ಬಂದರಿನಲ್ಲಿ ದೋಣಿ ಎಂಜಿನ್ ರಿಪೇರಿ ಮಾಡುವವನು. ಹೆಂಡತಿ ಯೆಲ್ಚೆ ತೀರಿಕೊಂಡು ಮೂರು ವರ್ಷ. ಅವಳ ಫೋಟೊಗಳು, ಆಸ್ಪತ್ರೆಯಿಂದ ಕಳಿಸಿದ ಧ್ವನಿ ಸಂದೇಶಗಳು ಎಲ್ಲ ಒಂದು ಆನ್‌ಲೈನ್ ಕಂಪನಿಯ ಖಾತೆಯಲ್ಲಿದ್ದವು. ಫೆಬ್ರವರಿಯಲ್ಲಿ ಆ ಕಂಪನಿಯ ಹೆಸರು, ಗುರುತು ಹೊತ್ತ ಮೇಲ್ ಬಂತು: ಇಪ್ಪತ್ತನಾಲ್ಕು ಗಂಟೆಯೊಳಗೆ ಪಾಸ್‌ವರ್ಡ್ ದೃಢಪಡಿಸದಿದ್ದರೆ ಎಲ್ಲವನ್ನೂ ಅಳಿಸಲಾಗುವುದು. ಕೆಳಗೆ ಗ್ರಾಹಕ ಸೇವೆಯವನ ನಗುಮುಖ, ಹೆಸರು ಗೊಸ್ಸೆ ಹೀಮ್‌ಸ್ತ್ರಾ. ಹೆದರಿ ಲಿಂಕ್ ಒತ್ತಿದೆ, ಪಾಸ್‌ವರ್ಡ್ ಕೊಟ್ಟೆ. ಮರುದಿನ ಖಾತೆ ಖಾಲಿ.

ಮಗಳು ಫೆಮ್ಮಿ ಮೇಲ್ ನೋಡಿದವಳೇ ತಲೆ ಚಚ್ಚಿಕೊಂಡಳು.

"ಅಪ್ಪಾ, ಕಳ್ಸಿದ ವಿಳಾಸ ನೋಡಿದ್ಯಾ? ಕಂಪನಿ ಹೆಸರಲ್ಲಿ ಒಂದಕ್ಷರ ಜಾಸ್ತಿ ಇದೆ. ನಿನ್ನ ಹೆಸ್ರೂ ಗೊತ್ತಿಲ್ಲ ಇವ್ರಿಗೆ, 'ಪ್ರಿಯ ಗ್ರಾಹಕರೇ' ಅಂತೆ! ಗಡುವು ಹಾಕಿ ಹೆದರಿಸ್ತಾರೆ ಅಂದ್ರೇನೇ ಅನುಮಾನ ಬರ್ಬೇಕು. ಕಂಪನಿ ಸೈಟಿಗೆ ನೀನೇ ಹೋಗಿ ನೋಡ್ಬೇಕಿತ್ತು."

"ನಿಮ್ಮಮ್ಮನ ದನಿ ಹೋಗತ್ತೆ ಅಂದ್ರು ಕಣೆ."

ಅವಳು ಅಲ್ಲೇ ಕೂತು ನನ್ನ ಹೆಸರಿನಲ್ಲಿ ತಮ್ಮ ವಿಭಾಗಕ್ಕೆ ದೂರು ಬರೆದಳು.

ಮೂರು ವಾರದ ನಂತರ ಫ್ರಾನೆಕರ್ ಊರಿನ ಬೇಕರಿಯೊಂದರ ಗಾಜಿನ ಮೇಲೆ ಅದೇ ಫೋಟೊ ಕಂಡೆ. ಒಳಗೆ ಅವನೇ ನಿಂತಿದ್ದ, ಮೊಣಕೈವರೆಗೆ ಹಿಟ್ಟು.

"ಗೊಸ್ಸೆ ಹೀಮ್‌ಸ್ತ್ರಾ ನೀನೇನಾ?"

"ನಾನೇ. ಏನು ಕೊಡ್ಲಿ? ಸಕ್ಕರೆ ಬ್ರೆಡ್ ಈಗ ತಾನೇ ತೆಗ್ದಿದ್ದು, ಬಿಸಿ ಇದೆ."

"ನನ್ನ ಹೆಂಡ್ತಿನ ಕೊಡೋ, ಕಳ್ಳ ನನ್ಮಗನೆ!"

ಜೇಬಿನಲ್ಲಿದ್ದ ಸ್ಪ್ಯಾನರ್‌ನಿಂದ ಬೀಸಿ ಹೊಡೆದೆ. ಮೂಳೆ ಮುರಿದ ಸದ್ದು ಕೇಳಿಸಿತು; ಆದರೂ ನಿಲ್ಲಿಸಲಿಲ್ಲ. ಎರಡನೇ ಏಟಿಗೆ ಹಲ್ಲುಗಳು ಹಿಟ್ಟಿನ ಮೇಲೆ ಉದುರಿದವು. ನೆಲಕ್ಕುರುಳಿದವನ ಪಕ್ಕೆಗೆ ಒದ್ದೆ, ಮತ್ತೆ ಒದ್ದೆ. ಅವನ ಹೆಂಡತಿ ನನ್ನ ತೋಳಿಗೆ ಜೋತುಬಿದ್ದು ಕಿರುಚಿದಳು:

"ಅವ್ರಲ್ಲ ಕಣೋ! ಅವ್ರ ಫೋಟೊ, ಹೆಸ್ರು ಕದ್ದಿದಾರೆ! ಪೊಲೀಸ್ರಿಗೆ ನಾಲ್ಕ್ ಸಲ ಹೇಳಿದೀವಿ!"

ನಾಲ್ಕು ಸಲ, ಮುಖ್ಯಸ್ಥರೇ. ತಾವು ಗೊಸ್ಸೆಗೆ ಕೊಟ್ಟ ಉತ್ತರವನ್ನು ನನ್ನ ವಕೀಲರು ಓದಿ ಹೇಳಿದರು: "ತಮಗೆ ಯಾವುದೇ ನಷ್ಟವಾಗಿಲ್ಲದ ಕಾರಣ ದೂರು ದಾಖಲಿಸಲಾಗದು." ಈಗ ಆಗಿದೆ. ಆರು ಹಲ್ಲು, ಎರಡು ಪಕ್ಕೆಲುಬು, ತಂತಿ ಬಿಗಿದ ದವಡೆ. ನಿಯಮಕ್ಕೆ ಇಷ್ಟು ಸಾಕೇ, ಅಥವಾ ನಾನು ಇನ್ನೂ ಸ್ವಲ್ಪ ಹೊಡೆಯಬೇಕಿತ್ತೇ? ಇನ್ನು ಫೆಬ್ರವರಿಯ ನನ್ನ ದೂರಿಗೆ ತಾವು ಕಳಿಸಿದ್ದು, ವಂಚನೆಯ ಮೇಲ್ ಗುರುತಿಸುವುದು ಹೇಗೆ ಎಂಬ ಒಂದು ಮೇಲ್. ಅದರ ಆರಂಭ "ಪ್ರಿಯ ನಾಗರಿಕರೇ". ಕೊನೆ "ಇಲ್ಲಿ ಒತ್ತಿ". ಕ್ಷಮಿಸಿ, ಒತ್ತಲಿಲ್ಲ.

ಆ ಸುಳ್ಳು ಮೇಲ್ ಇಂದಿಗೂ ಗೊಸ್ಸೆಯ ಮುಖ ಹೊತ್ತು ಮನೆಮನೆಗೆ ಹೋಗುತ್ತಿದೆ. ಆ ಮುಖ ಈಗ ಹಾಗಿಲ್ಲ. ನಿನ್ನೆ ಅವನ ಹೆಂಡತಿ ಫೋನ್ ಮಾಡಿದ್ದಳು, ಕ್ಷಮಿಸುವುದಕ್ಕಲ್ಲ.

"ಅವ್ರಿಗೆ ಬಾಯಿ ತೆಗ್ಯೋಕಾಗಲ್ಲ, ಅದಕ್ಕೆ ನಾನೇ ಕೇಳ್ತಿದೀನಿ. ನಿನ್ನಂಥೋರು ಇನ್ನೆಷ್ಟು ಜನ ಬರ್ತಾರೆ, ಹೇಳು."

ಇದಕ್ಕೆ ಉತ್ತರ ತಮಗೆ ಗೊತ್ತಿರಬೇಕು. ಗೊಸ್ಸೆಯ ದೂರನ್ನು ಈ ವಾರವೇ ದಾಖಲಿಸಿ, ಆ ಮೇಲ್ ನಿಲ್ಲಿಸಿ. ನಂತರ ತಾವೇ ಬೇಕರಿಗೆ ಹೋಗಿ ಆ ಹೆಣ್ಣುಮಗಳಿಗೆ ಉತ್ತರ ಹೇಳಿ ಬನ್ನಿ.

ಇಂತಿ,
ತಮ್ಮ ಕಡತದ ಏಕೈಕ ಆರೋಪಿ,
ವೊಬ್ಬೆ ಟೆರ್ಪ್‌ಸ್ಟ್ರಾ